ಎರಡು ಸಂಬಳದ ಚೀಟಿ

ಆಸ್ಟ್ರೇಲಿಯಾಕ್ಕೆ ಉತ್ತರದ ನಮ್ಮ ದ್ವೀಪದ ಹಾಗೆನ್ ಊರಿನ ವಿಮಾನ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷ ನಾನು ಮಾಡಿದ ಕೆಲಸ ಒಂದೇ, ತೂಕ ಹಾಕುವುದು. ನಮ್ಮವು ಸಣ್ಣ ವಿಮಾನಗಳು. ಅವು ಇಳಿಯುವುದು ಗುಡ್ಡದ ನೆತ್ತಿಯ ಹುಲ್ಲಿನ ರನ್‌ವೇಗಳ ಮೇಲೆ. ಹತ್ತು ಕಿಲೊ ಹೆಚ್ಚಾದರೂ ಎದುರಿನ ಬೆಟ್ಟ ದಾರಿ ಬಿಡುವುದಿಲ್ಲ. ಹಾಗಾಗಿ ಗೆಣಸಿನ ಮೂಟೆ, ಹಂದಿಮರಿ, ಬಸುರಿ ಹೆಂಗಸು, ಬಿಷಪ್ಪರು, ಎಲ್ಲರೂ ನನ್ನ ತಕ್ಕಡಿ ಹತ್ತಿ ಇಳಿಯಲೇಬೇಕು. ಪೈಲಟ್‌ಗಳೂ ಅಷ್ಟೆ. ನನ್ನ ಹೆಂಡತಿಯ ತಮ್ಮ ಕ್ಯಾಪ್ಟನ್ ಕೇವಾ ಎಂಬತ್ತೊಂದು ಕಿಲೊ. ಆಸ್ಟ್ರೇಲಿಯಾದಿಂದ ಬಂದ ಕ್ಯಾಪ್ಟನ್ ಗ್ರೆಗ್ ಎಂಬತ್ತೊಂದೂವರೆ, ಆ ಅರ್ಧ ಕಿಲೊ ಅವನ ಬೂಟಿನದು. ವಿಮಾನದ ಲೆಕ್ಕಕ್ಕೆ ಇಬ್ಬರೂ ಒಂದೇ. ಕಂಪನಿಯ ಲೆಕ್ಕಕ್ಕೆ ಮಾತ್ರ ಒಬ್ಬ ಗ್ರೆಗ್ ಅಂದರೆ ಮೂರೂವರೆ ಕೇವಾ.

ಕೇವಾನಿಗೆ ನಾಲ್ಕು ವರ್ಷವಿದ್ದಾಗ ಪಕ್ಕದ ಕುಲದವರು ಅವನಪ್ಪನನ್ನು ಗೆಣಸಿನ ಹೊಲದಲ್ಲೇ ಕೊಡಲಿಯಿಂದ ಕಡಿದರು. ತಮ್ಮ ನೊಂಬ ಆಗಿನ್ನೂ ತಾಯಿಯ ಹೊಟ್ಟೆಯಲ್ಲಿದ್ದ. ಮಿಷನ್ನಿನ ಪುಟ್ಟ ವಿಮಾನವೊಂದು ಗಾಯಾಳುಗಳನ್ನು ಒಯ್ಯಲು ಬಂತು. ಅಪ್ಪನನ್ನು ಅದರ ನೆಲದ ಮೇಲೆ ಮಲಗಿಸಿದರು, ಮೇಲೇಳುವ ಮೊದಲೇ ಜೀವ ಹೋಯಿತು. ಆ ಹೊತ್ತಿನಲ್ಲಿ ಕೇವಾ ಅಪ್ಪನ ಮುಖ ನೋಡಲೇ ಇಲ್ಲವಂತೆ, ಪೈಲಟ್‌ನ ಕೈಗಳನ್ನೇ ನೋಡುತ್ತಿದ್ದನಂತೆ. ಇದನ್ನು ಅವನೇ ನನಗೆ ಹೇಳಿದ್ದು, ತಲೆ ತಗ್ಗಿಸಿಕೊಂಡು.

ಆ ಕೈಗಳ ಹಿಂದೆ ಬಿದ್ದು ಅವನು ಪೈಲಟ್ ಆದ. ಓದಿದ್ದು ಅವನು, ಬೆವರು ಹರಿಸಿದ್ದು ನೊಂಬ. ನೊಂಬ ಆರನೇ ತರಗತಿಗೆ ಶಾಲೆ ಬಿಟ್ಟು ಹಂದಿ ಸಾಕಿದ, ಮಾರಿದ, ಅಣ್ಣನ ಫೀಸು ಕಟ್ಟಿದ. ಅಣ್ಣನ ಹೆಗಲ ಮೇಲೆ ಕ್ಯಾಪ್ಟನ್ನಿನ ನಾಲ್ಕು ಪಟ್ಟಿ ಬಂದ ದಿನ ಹನ್ನೆರಡು ಹಂದಿ ಕಡಿದು, ಕಾದ ಕಲ್ಲಿನ ಕುಣಿಯಲ್ಲಿ ಬೇಯಿಸಿ ಇಡೀ ಕುಲಕ್ಕೆ ಉಣಿಸಿದ. "ಇನ್ನು ನಮಗೇನು ಕಮ್ಮಿ, ನಮ್ಮಣ್ಣ ಬಿಳಿಯರ ಕುರ್ಚೀಲಿ ಕೂತಿದಾನೆ" ಎಂದು ಕುಣಿದ. ಕುರ್ಚಿ ಬಿಳಿಯರದೇ, ಸುಳ್ಳಲ್ಲ. ಸಂಬಳ ಎಷ್ಟೆಂದು ಕೇವಾ ಯಾರಿಗೂ ಬಾಯಿ ಬಿಡಲಿಲ್ಲ. ಬಿಡುವಂತೆಯೂ ಇರಲಿಲ್ಲ. ನಮ್ಮ ಬೆಟ್ಟಗಳಲ್ಲಿ ಗಂಡಸರು ಎರಡೇ ಜಾತಿ, ಒಂದು ದೊಡ್ಡ ಮನುಷ್ಯ, ಇನ್ನೊಂದು ಕಸ. ನಡುವೆ ನಿಲ್ಲಲು ಜಾಗವಿಲ್ಲ. ಅವನ ಹೆಂಡತಿ ಆಗ್ನೇಸ್ ತಿಂಗಳ ಕೊನೆಯ ವಾರ ಬರೀ ಗೆಣಸು ಬೇಯಿಸುತ್ತಿದ್ದಳು. ಬಾಗಿಲಿಗೆ ಬಂದ ನೆಂಟರಿಗೆ ಮಾತ್ರ ಕೇವಾ ಡಬ್ಬಿಯ ಮೀನು, ಅಕ್ಕಿ ಕೊಟ್ಟು ಕಳಿಸುತ್ತಿದ್ದ.

ನಾನು ಕೆಲಸಕ್ಕೆ ಸೇರಿದಾಗ ಕಂಪನಿಯಲ್ಲಿ ನಮ್ಮ ದೇಶದ ಪೈಲಟ್‌ಗಳು ಹದಿನೇಳು ಜನ ಇದ್ದರು. ಒಬ್ಬ ಫಿಜಿಗೆ ಹೋದ, ಇಬ್ಬರು ಸಿಂಗಾಪುರಕ್ಕೆ, ಮತ್ತೆ ನಾಲ್ವರು ಒಟ್ಟಿಗೇ ಕೊಲ್ಲಿ ದೇಶಗಳಿಗೆ. ಹೋದವರ ಜಾಗಕ್ಕೆ ಕಂಪನಿ ಇನ್ನಷ್ಟು ದುಬಾರಿ ಬಿಳಿಯರನ್ನು ತಂದಿತು. ಅವರಿಗೆ ಮುಳ್ಳುತಂತಿ ಬೇಲಿಯ ಮನೆ, ಕಾವಲು ನಾಯಿ, ಮಕ್ಕಳ ಶಾಲೆಯ ಖರ್ಚು. ಆ ದುಡ್ಡಿನಲ್ಲಿ ಅರ್ಧವನ್ನು ಇದ್ದವರಿಗೆ ಹಂಚಿದ್ದರೆ ಯಾರೂ ಹೋಗುತ್ತಿರಲಿಲ್ಲ. ಅದು ನನ್ನಂಥ ತೂಕದವನಿಗೆ ತಿಳಿದಿತ್ತು, ಮ್ಯಾನೇಜರ್ ಡಾಯ್ಲ್‌ಗೆ ತಿಳಿಯಲಿಲ್ಲ. ಆಮೇಲೂ ಐವರು ಹೋದರು, ಕೊನೆಗೆ ಉಳಿದವರು ಐವರು. ಐದನೆಯವನಾದ ಕೇವಾನಿಗೂ ಕೊಲ್ಲಿಯ ಒಂದು ವಿಮಾನ ಕಂಪನಿಯಿಂದ ಪತ್ರ ಬಂತು. ವರ್ಷದೊಳಗೆ ವೈದ್ಯರ ಪರೀಕ್ಷೆ ಮುಗಿಸಿ ಬಂದು ಸೇರಬೇಕು. ತಕ್ಕಡಿ ಹತ್ತಿ ನಿಂತೇ ಅದನ್ನು ನನಗೆ ತೋರಿಸಿದ.

"ಏನ್ಮಾಡ್ಲಿ ಭಾವ, ಹೋಗ್ಲಾ?"

"ಹೋಗ್ದೆ ಇನ್ನೇನು? ಇಲ್ಲೇ ಕೂತು ಗ್ರೆಗ್‌ನ ನಾಯಿ ದಿನಾ ಎಷ್ಟು ಮಾಂಸ ತಿನ್ನುತ್ತೆ ಅಂತ ಲೆಕ್ಕ ಹಾಕ್ತೀಯಾ?"

"ನೊಂಬನ್ನ ಬಿಟ್ಟು ಹೋಗಬೇಕಲ್ಲ."

"ನೊಂಬನಿಗೆ ಹಂದಿಗಳಿವೆ ಮಾರಾಯ. ನಿನಗಿಂತ ಅವುಕ್ಕೇ ಒಳ್ಳೆ ರೇಟು."

ನಕ್ಕ. ಪತ್ರವನ್ನು ಮಡಿಸಿ ಅಂಗಿಯ ಜೇಬಿಗಿಟ್ಟ. ಹೋಗಿಬಿಟ್ಟಿದ್ದರೆ ಇಂದು ನಾನು ಇದನ್ನೆಲ್ಲ ಹೇಳುತ್ತಿರಲಿಲ್ಲ.

ಆ ವರ್ಷ ಮಾರ್ಚಿನಲ್ಲಿ ತೆಲಿಮ್ ಎಂಬ ಹಳ್ಳಿಯ ರನ್‌ವೇಯಲ್ಲಿ ಗ್ರೆಗ್‌ನ ವಿಮಾನದ ಚಕ್ರಕ್ಕೆ ಮಾರಿಪ್ ಊರಿನ ಹೆಂಗಸೊಬ್ಬಳು ಸಿಕ್ಕಿ ಸತ್ತಳು. ಗ್ರೆಗ್ ಬಾಗಿಲೂ ತೆರೆಯಲಿಲ್ಲ. ವಿಮಾನ ತಿರುಗಿಸಿ ಹಾರಿಸಿಕೊಂಡು ಬಂದ, ಸಂಜೆಯೊಳಗೆ ಆಸ್ಟ್ರೇಲಿಯಾದಲ್ಲಿದ್ದ. ಕಂಪನಿ ಹತ್ತೇ ದಿನದಲ್ಲಿ ಮಾರಿಪ್‌ನವರಿಗೆ ಅರವತ್ತು ಹಂದಿ, ನಮ್ಮ ದುಡ್ಡಿನಲ್ಲಿ ಎಂಬತ್ತು ಸಾವಿರ ಕಿನಾ ಕೊಟ್ಟು ಅವರ ಹೊಟ್ಟೆ ತಣ್ಣಗೆ ಮಾಡಿತು. ತಿಂಗಳಾಗುವಷ್ಟರಲ್ಲಿ ಗ್ರೆಗ್ ವಾಪಸು ಬಂದು ನನ್ನ ತಕ್ಕಡಿ ಹತ್ತಿದ, ಎಂಬತ್ಮೂರು ಕಿಲೊ.

ಐದು ತಿಂಗಳ ಮೇಲೆ ಅದೇ ತೆಲಿಮ್‌ಗೆ ಕೇವಾ ಹೊರಟ. ಅಲ್ಲಿನ ತಕ್ಕಡಿ ಕೆಟ್ಟಿತ್ತು, ಬೇರೆಯದನ್ನು ಕೊಟ್ಟು ಬರಲು ನಾನೂ ಅವನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೆ. ಚೆನ್ನಾಗಿಯೇ ಇಳಿಸಿದ. ರನ್‌ವೇಯ ತುದಿಗೆ ಹೋಗಿ ನಿಲ್ಲಿಸುತ್ತಿದ್ದಾಗ ಬೇಲಿ ಹಾರಿ ಒಂದು ಹಂದಿ ನುಗ್ಗಿತು, ಅದರ ಹಿಂದೆಯೇ ಅದರ ಒಡೆಯ, ಕೊಯಿಪ ಕುಲದ ಮೆಂಡಿಕ್. ಹಂದಿ ರೆಕ್ಕೆಯ ಕೆಳಗೆ ತೂರಿಕೊಂಡು ಹೋಯಿತು. ಮೆಂಡಿಕ್‌ನನ್ನು ಪ್ರೊಪೆಲ್ಲರ್ ಭುಜದಿಂದ ಸೊಂಟದವರೆಗೆ ಸೀಳಿತು. ಮುಂದಿನ ಗಾಜು ಪೂರ್ತಿ ಕೆಂಪಾಯಿತು. ಕೇವಾ ಕೈ ಚಾಚಿ ವೈಪರ್ ಹಾಕಿದ. ಯಾಕೆ ಹಾಕಿದನೋ, ಅದು ಎರಡು ಸಲ ಆಡಿತು, ಗಾಜಿನಾಚೆ ಓಡಿ ಬರುತ್ತಿದ್ದ ಜನ ಕಂಡರು.

"ಇನ್ನೊಂದು ಎಂಜಿನ್ ಸರಿಯಿದೆಯಲ್ಲ, ಹಾರಿಸೋ" ಎಂದು ನಾನು ಅವನ ತೋಳು ಹಿಡಿದೆ.

"ಹಾರಲ್ಲ ಭಾವ. ಹಾರಿದ್ರೂ, ಓಡಿಹೋದ್ರೆ ಕೊಲೆ. ಕೂತ್ರೆ ಅಪಘಾತ."

ಕೆಳಗಿಳಿದ. ಚರಂಡಿಯ ಕೆಸರು ಬಾಚಿ ಮುಖಕ್ಕೆ, ಬಿಳಿ ಅಂಗಿಗೆ, ಹೆಗಲಿನ ನಾಲ್ಕು ಪಟ್ಟಿಗೆ ಬಳಿದುಕೊಂಡ. ನಮ್ಮಲ್ಲಿ ಸತ್ತವನ ಹೆಂಡಿರು ಮಕ್ಕಳು ಬಳಿದುಕೊಳ್ಳುವ ಕೆಸರು ಅದು. ಹೆಣದ ಪಕ್ಕ ಕುಳಿತು ಸ್ವಂತ ಅಣ್ಣ ಸತ್ತವನಂತೆ ಗೋಳಿಡತೊಡಗಿದ. ಜನ ಸುತ್ತ ಬಂದು ಒಂದು ಗಳಿಗೆ ನಿಂತರು. ಆ ಒಂದು ಗಳಿಗೆಯೇ ಅವನ ಜೀವ ಉಳಿಸಿತು. ಆಮೇಲೆ ಮೆಂಡಿಕ್‌ನ ತಮ್ಮ ತಾಂಗಿಲ್ ಮಚ್ಚು ಎತ್ತಿದ. ಕೇವಾ ತಲೆಗೆ ಅಡ್ಡ ಎಡಗೈ ಹಿಡಿದ, ಕಿರುಬೆರಳೂ ಉಂಗುರದ ಬೆರಳೂ ಹುಲ್ಲಿನ ಮೇಲೆ ಬಿದ್ದವು. ನನ್ನ ಬೆನ್ನಿಗೆ ದೊಣ್ಣೆ ಬಿತ್ತು, ಮೂರು ಪಕ್ಕೆಲುಬು ಮುರಿದವು. ಎರಡನೇ ಏಟಿಗೆ ತಾಂಗಿಲ್ ಕೈ ಎತ್ತುವಷ್ಟರಲ್ಲಿ ಚರ್ಚಿನ ಉಪದೇಶಿ ಓಡಿಬಂದು ಕೇವಾನ ಮೇಲೆ ಅಂಗಾತ ಮಲಗಿಬಿಟ್ಟ. ಕಡಿಯುವುದಾದರೆ ನನ್ನನ್ನು ಮೊದಲು ಕಡಿ ಎಂದ.

ಸಂಜೆಯೊಳಗೆ ಕೊಯಿಪ ಹಿರಿಯರು ಷರತ್ತು ಹೇಳಿದರು. ಹದಿನೈದು ದಿನದ ಗಡುವು. ಗ್ರೆಗ್ ಕೊಂದ ಹೆಂಗಸಿಗೆ ಏನು ಸಿಕ್ಕಿತೋ ಅಷ್ಟೇ ಮೆಂಡಿಕ್‌ಗೂ ಸಿಗಬೇಕು.

"ಅದೇ ವಿಮಾನ, ಅದೇ ಕುರ್ಚಿ, ಅದೇ ನಾಲ್ಕು ಪಟ್ಟಿ" ಎಂದ ತಾಂಗಿಲ್. "ಮಾರಿಪ್‌ನೋರ ಹೆಂಗಸಿಗಿಂತ ನಮ್ಮಣ್ಣ ಒಂದು ಕಿನಾ ಅಗ್ಗ ಆದ್ರೂ ನಿನ್ನ ತಮ್ಮನ್ನ ತಗೋತೀವಿ."

ಕೊಂದವನನ್ನೇ ಕೊಲ್ಲುವುದು ನಮ್ಮವರಿಗೆ ಸಾಲದು. ಅವನಿಗೆ ಯಾರು ಸತ್ತರೆ ನೋಯುತ್ತದೋ ಅವರನ್ನು ಕೊಲ್ಲಬೇಕು. ನೊಂಬನ ಹೆಸರು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರುದಿನ ಬೇರೆ ವಿಮಾನದಲ್ಲಿ ಹಾಗೆನ್‌ಗೆ ಬಂದು, ಕೈಗೆ ಬಟ್ಟೆ ಸುತ್ತಿಕೊಂಡೇ ಕೇವಾ ಮ್ಯಾನೇಜರ್ ಡಾಯ್ಲ್‌ನ ಎದುರು ನಿಂತ. ಡಾಯ್ಲ್ ಕೆಟ್ಟವನಲ್ಲ, ಅದೇ ಕಷ್ಟ. ಕುರ್ಚಿ ಕೊಟ್ಟ, ನೀರು ಕೊಟ್ಟ, ಬೆರಳು ನೋಡಿ ಚ್ಚುಚ್ಚು ಎಂದ. ಆಮೇಲೆ ಹೇಳಿದ: "ಗ್ರೆಗ್‌ಗೆ ಇಲ್ಲಿ ಕುಲ ಇಲ್ಲ ಕೇವಾ, ಅದಕ್ಕೇ ಕಂಪನಿ ಅವನ ಕುಲದ ಹಾಗೆ ನಿಂತು ಕೊಟ್ಟಿತು. ಅದು ಅವನ ಒಪ್ಪಂದದಲ್ಲೇ ಇದೆ. ನಿನಗೆ ನಿನ್ನ ಜನ ಇದಾರೆ. ನಿಮ್ಮ ಸಂಪ್ರದಾಯದಲ್ಲಿ ನಾವು ಕೈ ಹಾಕಬಾರದು. ಅದನ್ನ ನಾವು ತುಂಬಾ ಗೌರವಿಸ್ತೀವಿ."

ಕೇವಾ ಎದ್ದು ಬಂದ. ಹೊರಗೆ ನಾನು ಕಾಯುತ್ತಿದ್ದೆ. ಡಾಯ್ಲ್‌ನ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಬಿಳಿಯನ ತಪ್ಪಿಗೆ ಕಂಪನಿಯೇ ಕುಲವಂತೆ. ನಮ್ಮವನ ತಪ್ಪಿಗೆ ಗೌರವವಂತೆ. ಗೌರವ ಸುಟ್ಟುಕೊಂಡು ತಿನ್ನಲಿಕ್ಕೆ ಬರುತ್ತದೆಯೇ?

ನೊಂಬ ತನ್ನ ಹಂದಿಗಳನ್ನೆಲ್ಲ ಕಟ್ಟಿದ. ಕುಲದವರು ಮನೆಗೊಂದರಂತೆ ತಂದರು, ಅರವತ್ತು ತುಂಬಿತು. ಹಣ ತುಂಬಲಿಲ್ಲ. ಕಾಫಿಬೀಜದ ದುಡ್ಡು, ಆಗ್ನೇಸಳ ಹೊಲಿಗೆಯಂತ್ರ, ಕತ್ತರಿಸಿಹೋದ ಎರಡು ಬೆರಳಿಗೆ ವಿಮೆಯವರು ಕೇವಾನ ಸಂಬಳ ನೋಡಿ ಕಟ್ಟಿದ ಒಂಬತ್ತು ಸಾವಿರ, ಎಲ್ಲ ಸೇರಿ ನಲವತ್ತಮೂರು ಸಾವಿರ ಆಯಿತು. ಮೂವತ್ತೇಳು ಸಾವಿರ ಕಡಿಮೆ. ಗಡುವಿಗೆ ಉಳಿದದ್ದು ಎರಡೇ ದಿನ.

ಆಗ ಬುದ್ಧಿ ಹೇಳಿದವನು ನಾನು. ಈ ಮಾತನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ಸಂಬಳದ ಚೀಟಿಗಳ ಲಕೋಟೆಗಳು ತಿಂಗಳಿಗೊಮ್ಮೆ ನನ್ನ ಮೇಜಿಗೇ ಬರುತ್ತಿದ್ದವು. ಗ್ರೆಗ್‌ನ ಲಕೋಟೆಯನ್ನು ಎತ್ತಿಕೊಂಡು ಮನೆಗೆ ತಂದೆ. ಕೇವಾನ ಚೀಟಿಯ ಪಕ್ಕ ಇಟ್ಟೆ.

"ಇವೆರಡನ್ನೂ ಕೊಯಿಪದೋರ ಮುಂದೆ ಓದು" ಎಂದೆ. "ಅವರೇನು ಕಲ್ಲೇ? ನಿನಗೆ ಬರೋದೇ ಇಷ್ಟು ಅಂತ ಗೊತ್ತಾದ್ರೆ ಅಷ್ಟಕ್ಕೇ ಒಪ್ಪಿಕೊಳ್ತಾರೆ."

"ಇಷ್ಟು ವರ್ಷ ನಮ್ಮೋರಿಗೇ ಹೇಳಿಲ್ಲ ಭಾವ."

"ಮಾನ ಮುಖ್ಯವೋ ತಮ್ಮ ಮುಖ್ಯವೋ?"

ನೊಂಬ ಅಲ್ಲೇ ಕುಳಿತು ಅಡಿಕೆ ಜಗಿಯುತ್ತಿದ್ದ. ಅಣ್ಣನ ಚೀಟಿ ತೆಗೆದುಕೊಂಡು ನೋಡಿದ. ತಿರುಗಿಸಿ ಹಿಂದಿನ ಬದಿ ನೋಡಿದ.

"ಇನ್ನೊಂದು ಹಾಳೆ ಎಲ್ಲಿ?" ಎಂದ.

 ಅವನು ಕೆಂಪು ಉಗುಳನ್ನು ಬಾಗಿಲಾಚೆ ಉಗಿದು, ಹಂದಿಗಳಿಗೆ ನೀರು ಕೊಡಲು ಹೋದ.

ಕೊಡುವ ದಿನ ತೆಲಿಮ್ ರನ್‌ವೇಯ ಪಕ್ಕದ ಬಯಲಿನಲ್ಲಿ ಎರಡೂ ಕುಲ ಸೇರಿದವು. ನೆತ್ತಿಯ ಮೇಲೆ ಸೂರ್ಯ. ಈ ಕಡೆ ಸಾಲಾಗಿ ಗೂಟಕ್ಕೆ ಕಟ್ಟಿದ ಅರವತ್ತು ಹಂದಿ, ಬಿದಿರಿಗೆ ಸಿಕ್ಕಿಸಿದ ನೋಟುಗಳು. ಆ ಕಡೆ ಮೈಗೆಲ್ಲ ಹಳದಿ ಕೆಸರು ಮೆತ್ತಿಕೊಂಡ ಮೆಂಡಿಕ್‌ನ ಹೆಂಡತಿ, ಅವಳ ಹಿಂದೆ ಗಂಡಸರು, ಅವರ ಹಿಂದಿನ ಹುಲ್ಲಿನಲ್ಲಿ ಮಲಗಿಸಿದ ಈಟಿಗಳು. ಪೊಲೀಸರು ಮೂವರು ಬಂದಿದ್ದರು, ಬಂದೂಕು ಒಂದೇ.

ಕೇವಾ ನಡುವೆ ಹೋಗಿ ನಿಂತ. ಪೈಲಟ್ ಅಂಗಿ ಹಾಕಿಕೊಂಡೇ ಹೋಗಿದ್ದ, ಅದೂ ನನ್ನ ಮಾತು. ಮೊದಲು ಗ್ರೆಗ್‌ನ ಚೀಟಿ ಓದಿದ. ಆಮೇಲೆ ತನ್ನದು. ಮೂರು ಬೆರಳಿನ ಕೈಯಲ್ಲಿ ಹಾಳೆ ಎತ್ತಿ ತೋರಿಸಿದ. "ನನಗೆ ಬರೋದು ಇಷ್ಟೇ. ಅವನ ಬೆಲೆ ಕೊಡೋಕೆ ನನ್ನಲ್ಲಿಲ್ಲ. ನನ್ನ ಕೈಲಾದದ್ದನ್ನೆಲ್ಲ ತಂದಿದೀನಿ" ಎಂದ.

 ನನ್ನ ಎದೆ ಹಗುರಾಯಿತು, ಗೆದ್ದೆವು ಅಂದುಕೊಂಡೆ. ಎಂಥ ಪೆದ್ದ ನಾನು. ಅದೇ ಬೆಟ್ಟದಲ್ಲಿ ಹುಟ್ಟಿ ಬೆಳೆದು, ಅದೊಂದು ನನಗೆ ಹೊಳೆಯಲಿಲ್ಲ.

ತಾಂಗಿಲ್ ಎದ್ದು ನಿಂತ. ಅವನ ದನಿ ಏರಿರಲಿಲ್ಲ.

"ಅಂದ್ರೆ ನಮ್ಮಣ್ಣನ್ನ ಕೊಂದದ್ದು ಒಂದು ಕಸ. ಹೌದೇನು? ನಾವು ದೊಡ್ಡ ಮನುಷ್ಯನ ಕೈಲಿ ಸತ್ತ ಅಂದ್ಕೊಂಡಿದ್ವಿ. ಸತ್ತೋನ ಹೆಂಡತಿಗೆ ಅದೊಂದೇ ಸಮಾಧಾನ ಇತ್ತು. ಅದನ್ನೂ ನೀನು ಕಾಗದ ಹಿಡ್ಕೊಂಡು ಬಂದು ಕಿತ್ಕೊಂಡ್ಯಲ್ಲ."

ಹಿಂದಿನಿಂದ ಯಾರೋ ನಕ್ಕರು. ಇನ್ನೊಬ್ಬ ಕೂಗಿದ: "ಅಲ್ವೋ, ಅದೇ ಕೆಲಸಕ್ಕೆ ಕಾಲು ಭಾಗ ದುಡ್ಡು ತಗೊಂಡು ಹಲ್ಲು ಕಿರಿಯೋನು ಗಂಡಸೇನೋ?"

ಆ ಮಾತು ಕೇವಾನಿಗೆ ತಾಗಿತ್ತು, ತಡೆದುಕೊಂಡ. ನೊಂಬನಿಗೆ ತಡೆಯಲಾಗಲಿಲ್ಲ. ಸಾಲಿನಿಂದ ಹೊರಬಂದು, "ನಮ್ಮಣ್ಣ ಕಸ ಅಲ್ಲ. ಇನ್ನೊಂದು ಸಲ ಅಂದು ನೋಡು" ಎಂದ. ಕೈಯಲ್ಲಿ ಏನೂ ಇರಲಿಲ್ಲ, ಹಂದಿಯ ಹಗ್ಗ ಮಾತ್ರ. ತಾಂಗಿಲ್ ಇನ್ನೊಂದು ಸಲ ಅಂದ. ನೊಂಬ ಅವನ ಬಾಯಿಗೆ ಗುದ್ದಿದ. ಹುಲ್ಲಿನಿಂದ ಈಟಿಗಳು ಎದ್ದವು. ಮೊದಲನೆಯದು ನೊಂಬನ ಹೊಟ್ಟೆಯಲ್ಲಿ ನೆಟ್ಟಿತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಣ್ಣನ ಕಡೆ ತಿರುಗಿದ. ಆಗ ಹಿಂದಿನಿಂದ ಕೊಡಲಿ ಬಿತ್ತು, ಕುತ್ತಿಗೆಗೆ. ಪೊಲೀಸ್ ಗಾಳಿಯಲ್ಲಿ ಗುಂಡು ಹಾರಿಸಿದ. ಹಂದಿಗಳು ಗೂಟ ಕಿತ್ತುಕೊಂಡು ರನ್‌ವೇ ತುಂಬ ಓಡಿದವು. ನಮ್ಮ ಕಡೆಯವರು ಕೊಯಿಪದ ಇಬ್ಬರ ತಲೆ ಒಡೆದರು, ಜೀವ ಹೋಗಲಿಲ್ಲ. ಅಷ್ಟರಲ್ಲಿ ಮೆಂಡಿಕ್‌ನ ಹೆಂಡತಿ ನಡುವೆ ಬಂದು, ಮೈಮೇಲಿನ ಒಣಗಿದ ಕೆಸರನ್ನು ಕಿತ್ತು ಕಿತ್ತು ನೆಲಕ್ಕೆಸೆಯುತ್ತಾ, ಸಾಕು ಸಾಕು ಎಂದು ಅರಚಿದಳು. ಕೇವಾ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದ. ನೊಂಬ ಏನೋ ಹೇಳಲು ನೋಡಿದ, ಬಾಯಲ್ಲಿ ರಕ್ತವೇ ಬಂತು. ಹೇಳದೆಯೇ ಹೋದ.

ಆಮೇಲಿನದು ಬೇಗ ಮುಗಿಯಿತು. ಎರಡೂ ಕಡೆಯ ಹಿರಿಯರು ಕೂತು, ಒಬ್ಬನಿಗೆ ಒಬ್ಬ, ಸಮ ಆಯಿತು ಎಂದರು. ಹಂದಿಗಳು ಅವರವರ ಮನೆಗೆ ಹೋದವು, ನೋಟುಗಳು ತಂದವರಿಗೆ. ಮೂವತ್ತೇಳು ಸಾವಿರವನ್ನು ನೊಂಬ ತೀರಿಸಿದ್ದ.

ತಮ್ಮನನ್ನು ಮಣ್ಣು ಮಾಡಿದ ವಾರದಲ್ಲೇ, ಕೈಯ ವಿಷಯ ತಿಳಿಸಿ ಕೇವಾ ಬರೆದಿದ್ದ ಪತ್ರಕ್ಕೆ ಕೊಲ್ಲಿಯ ಕಂಪನಿಯ ವೈದ್ಯರ ಉತ್ತರ ಬಂತು. ಎಡಗೈಗೆ ಎರಡು ಬೆರಳಿಲ್ಲದ ಪೈಲಟ್ ಅವರಿಗೆ ಬೇಡ. ನಮ್ಮ ಕಂಪನಿಗೆ ಮಾತ್ರ ಸಣ್ಣ ವಿಮಾನಕ್ಕೆ ಮೂರು ಬೆರಳು ಸಾಕು. ಅದೇ ದಿನ ನೋಟಿಸು ಬೋರ್ಡಿಗೆ ಒಂದು ಕಾಗದ ಅಂಟಿತು. ತೆಲಿಮ್ ಗಲಭೆಯ ಕಾರಣ ಇನ್ನು ಮೇಲೆ ಗುಡ್ಡದ ಊರುಗಳಿಗೆ ಹಾರುವ ಪೈಲಟ್‌ಗಳಿಗೆ ಅಪಾಯ ಭತ್ಯೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಹೊರದೇಶದ ಒಪ್ಪಂದದವರಿಗೆ ಮಾತ್ರ. ಗ್ರೆಗ್ ಅದನ್ನು ಓದಿ ಬೋರ್ಡಿನ ಮುಂದೆಯೇ ತಲೆ ತಗ್ಗಿಸಿ ನಿಂತ. ಕೇವಾನನ್ನು ಕಂಡು ಏನೋ ಹೇಳಲು ಬಾಯಿ ತೆರೆದ. ಕೇವಾ ಆ ಕಾಗದ ಕಿತ್ತುಕೊಂಡು, ಅವನನ್ನು ದಾಟಿ ಡಾಯ್ಲ್‌ನ ಕೋಣೆಗೆ ಹೋದ. ಅವನ ಹೆಗಲ ಚೀಲದಲ್ಲಿ ನೊಂಬನ ಸೌದೆ ಕೊಡಲಿ ಇದ್ದದ್ದು ನನಗೆ ಗೊತ್ತಿತ್ತು. ಬೆಳಿಗ್ಗೆ ತಕ್ಕಡಿ ಹತ್ತಿದಾಗಲೇ ಒಂದೂವರೆ ಕಿಲೊ ಹೆಚ್ಚು ತೋರಿಸಿತ್ತು. ನಾನು ಬಾಯಿ ಬಿಡಲಿಲ್ಲ. ಒಂದು ಸಲ ಬುದ್ಧಿ ಹೇಳಿ ಆಗಿತ್ತಲ್ಲ.

ಬಾಗಿಲು ಅರ್ಧ ತೆರೆದಿತ್ತು, ನಾನು ಹೊರಗೆ ನಿಂತಿದ್ದೆ. ಕೇವಾ ಬೋರ್ಡಿನ ಕಾಗದವನ್ನು ಮೇಜಿನ ಮೇಲಿಟ್ಟು ಕೇಳಿದ: "ಬಾಸ್, ಇದು ಯಾರ ರಕ್ತದ ದುಡ್ಡು?"

ಡಾಯ್ಲ್ ಕನ್ನಡಕ ತೆಗೆದ. "ನಿನ್ನ ತಮ್ಮನ ವಿಷಯ ಕೇಳಿ ನಿಜವಾಗ್ಲೂ ಬೇಜಾರಾಯ್ತು ಕೇವಾ. ಆ ಕೊಲ್ಲಿಯೋರು ಬೇಡ ಅಂದಿದ್ದೂ ಗೊತ್ತಾಯ್ತು. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡು. ಎಲ್ಲರೂ ಬಿಟ್ಟು ಹೋಗ್ತಾ ಇದ್ರು. ನೀನೊಬ್ಬ ನಮಗೆ ಉಳಿದೆ."

ಸಮಾಧಾನಕ್ಕೆಂದೇ ಹೇಳಿದ ಮಾತು ಅದು. ಕೇವಾ ತನ್ನ ಎಡಗೈಯನ್ನು ಮೇಜಿನ ಮೇಲೆ ಅಗಲಿಸಿ ಇಟ್ಟ. "ನಿಮ್ಮದೂ ಇಡಿ, ಅಳತೆ ನೋಡೋಣ" ಎಂದ. ಡಾಯ್ಲ್‌ಗೆ ಅರ್ಥವಾಗಲಿಲ್ಲ. ಕೇವಾ ಆ ಎಡಗೈಯಿಂದಲೇ ಅವನ ಮಣಿಕಟ್ಟು ಹಿಡಿದೆಳೆದು ಮೇಜಿಗೆ ಒತ್ತಿದ, ಬಲಗೈ ಚೀಲಕ್ಕೆ ಹೋಯಿತು. ಕೊಡಲಿ ಒಂದೇ ಸಲ ಬಿತ್ತು. ಮೇಜಿನ ಹಲಗೆ ಸೀಳಿತು. ಡಾಯ್ಲ್‌ನ ಕಿರುಬೆರಳೂ ಉಂಗುರದ ಬೆರಳೂ ನೋಟಿಸಿನ ಮೇಲೆ ಬಿದ್ದಿದ್ದವು. ಡಾಯ್ಲ್ ಕಿರುಚುತ್ತಲೇ ಇದ್ದ. ಕೇವಾ ಕೊಡಲಿ ಕೆಳಗಿಟ್ಟು ಹೊರಬಂದು, ನನ್ನ ತಕ್ಕಡಿಯ ಮೇಲೆಯೇ ಪೊಲೀಸರು ಬರುವವರೆಗೆ ಕುಳಿತ.

ಐದು ವರ್ಷದ ಜೈಲು. ಉಳಿದ ನಾಲ್ವರು ನಮ್ಮ ಪೈಲಟ್‌ಗಳೂ ಆ ವರ್ಷವೇ ದೇಶ ಬಿಟ್ಟರು. ತೀರ್ಪಿನ ದಿನ ನಾನು ಕೋರ್ಟಿನಲ್ಲಿದ್ದೆ. ಕೊನೆಯಲ್ಲಿ ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಗಡಗಡ ಓದಿದರು: ಮ್ಯಾನೇಜರ್‌ನ ಸಂಬಳ ಇಷ್ಟು, ಆದ್ದರಿಂದ ಅವನ ಎರಡು ಬೆರಳಿಗೆ ಪರಿಹಾರ ತೊಂಬತ್ತು ಸಾವಿರ ಕಿನಾ, ಅದನ್ನು ಕಂಪನಿಯ ವಿಮೆ ಈಗಾಗಲೇ ಕೊಟ್ಟಿದೆ. ಕಟಕಟೆಯಿಂದ ಇಳಿಯುವಾಗ ಕೇವಾ ನನ್ನ ಹತ್ತಿರ ನಿಂತ.

"ಎಷ್ಟು ಅಂದ್ರು ಭಾವ? ಸರಿಯಾಗಿ ಕೇಳಿಸಲಿಲ್ಲ."

"ತೊಂಬತ್ತು ಸಾವಿರ. ಎರಡು ಬೆರಳಿಗೆ."

ಅವನು ಕೈಕೋಳದಲ್ಲಿದ್ದ ತನ್ನ ಎಡಗೈಯನ್ನು ನೋಡಿಕೊಂಡ. ತುಟಿ ಅಲ್ಲಾಡಿತು, ಲೆಕ್ಕ ಹಾಕುತ್ತಿದ್ದ.

"ಹಂಗಾದ್ರೆ ನೊಂಬನ್ನ ಉಳಿಸೋಕೆ ಒಂದು ಬೆರಳೇ ಸಾಕಾಗ್ತಿತ್ತು" ಎಂದ.

ಪೊಲೀಸರು ಅವನನ್ನು ವ್ಯಾನಿಗೆ ಹತ್ತಿಸಿದರು.